ಎರಡನೆಯ ವ್ಯಾನು

"ಅದು ನನ್ನ ಸೀಟು," ಎಂದಳು ಕಂಡಕ್ಟರ್.

ವ್ಯಾನಿನ ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕ, ಯಾರೋ ಹೆಂಗಸು ಕುಳಿತಿದ್ದರು. ಗಿಡ್ಡ ಕೂದಲು, ಬೂದು ಬಣ್ಣದ ಶರ್ಟು, ತೊಡೆಯ ಮೇಲೊಂದು ನೋಟ್‌ಬುಕ್. ಅವರು ಕಂಡಕ್ಟರ್ ಕಡೆ ನೋಡಿದರು. ಆಮೇಲೆ ಅಪ್ಪನ ಕಡೆ ನೋಡಿದರು.

"ಇವತ್ತೊಂದಿನ ಹಿಂದೆ ಕೂತ್ಕೋ ಪುಟ್ಟಾ," ಎಂದ ಅಪ್ಪ. "ಇವ್ರು ರೂಟ್ ನೋಡ್ಕೋಬೇಕು."

"ಯಾಕೆ?"

"ಸಂಜೆ ಹೇಳ್ತೀನಿ. ಹತ್ತು, ಲೇಟಾಯ್ತು."

ಕಂಡಕ್ಟರ್ ಎನ್ನುವುದು ಅವಳ ನಿಜವಾದ ಹೆಸರಲ್ಲ. ಐದನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಅಪ್ಪನ ಸ್ಕೂಲ್ ವ್ಯಾನಿನಲ್ಲಿ ಬಾಗಿಲು ಎಳೆಯುವುದು, ಚಿಕ್ಕವರ ಬ್ಯಾಗು ಹಿಡಿಯುವುದು, ಎಲ್ಲರೂ ಕುಳಿತ ಮೇಲೆ "ರೈಟ್!" ಎಂದು ಕೂಗುವುದು ಎಲ್ಲ ಅವಳದೇ ಕೆಲಸ. ಒಂದನೇ ಕ್ಲಾಸಿನಿಂದ ಅದನ್ನೇ ಮಾಡಿ ಮಾಡಿ ಹೆಸರೂ ಹಾಗೇ ಆಗಿಹೋಗಿತ್ತು. ಒಮ್ಮೊಮ್ಮೆ ಟೀಚರುಗಳೂ ಬಾಯಿತಪ್ಪಿ ಹಾಗೆ ಕರೆದುಬಿಡುತ್ತಿದ್ದರು.

ಅವಳು ಹಿಂದೆ ಹತ್ತಿದಳು. ಜಾಗ ಎಲ್ಲಿದೆ? ಹನ್ನೆರಡು ಸೀಟಿನಲ್ಲಿ ಹದಿನಾರು ಮಕ್ಕಳು. ಕೊನೆಯ ಸೀಟಿನ ತುದಿಯಲ್ಲಿ ಅರ್ಧ ಕೂತಳು, ಇನ್ನರ್ಧ ಗಾಳಿಯಲ್ಲಿ.

"ಕಂಡಕ್ಟರ್‌ಗೆ ಪ್ರಮೋಷನ್ ಕಣ್ರೋ! ಲಾಸ್ಟ್ ಸೀಟ್ ಸಿಕ್ತು!" ಎಂದು ರೇಡಿಯೋ ಕೂಗಿದಳು. ಎಲ್ಲರೂ ನಕ್ಕರು.

ರೇಡಿಯೋ ಅವಳ ಕ್ಲಾಸಿನವಳೇ, ಪಕ್ಕದ ಡೆಸ್ಕಿನ ಗೆಳತಿ. ಅವಳ ಕಿವಿಗೆ ಮೊದಲ ಬೆಲ್‌ಗೆ ಬಿದ್ದ ಸುದ್ದಿ ಎರಡನೇ ಬೆಲ್‌ಗೆ ಇಡೀ ಸ್ಕೂಲಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಆ ಹೆಸರು.

ಮುಂದೆ ಕುಳಿತಿದ್ದ ಹೆಂಗಸು ತಿರುಗಿ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

"ಅಣ್ಣಾ, ಸೀಟು ಹನ್ನೆರಡಲ್ವಾ?"

"ಚಿಕ್ಕ ಮಕ್ಕಳಲ್ವಾ, ಅಡ್ಜಸ್ಟ್ ಮಾಡ್ಕೋತಾರೆ," ಎಂದ ಅಪ್ಪ.

ನೋಟ್‌ಬುಕ್ಕಿನಲ್ಲಿ ಅವರು ಏನೋ ಬರೆದುಕೊಂಡರು. ಅಪ್ಪನ ತಪ್ಪನ್ನೇ ಬರೆದುಕೊಂಡರು ಎಂದು ಕಂಡಕ್ಟರ್‌ಗೆ ಅನ್ನಿಸಿತು. ಅವಳಿಗೆ ಆ ಕ್ಷಣವೇ ಆ ಹೆಂಗಸು ಇಷ್ಟವಾಗಲಿಲ್ಲ.

ಸಂಜೆ ಅಪ್ಪ ಹೇಳಿದ. ನಾಲ್ಕು ವರ್ಷದ ಹಿಂದೆ ಅವನ ವ್ಯಾನಿನಲ್ಲಿ ಇದ್ದದ್ದು ಐದೇ ಮಕ್ಕಳು. ಈಗ ಹದಿನಾರು. ಇನ್ನೂ ಎಂಟು ಮನೆಯವರು ನಮ್ಮ ಮಗುವಿಗೂ ಸೀಟು ಕೊಡಿ ಎಂದು ಕೇಳುತ್ತಲೇ ಇದ್ದಾರೆ. ಊರಿನ ಆ ತುದಿಯಿಂದ ಈ ತುದಿಗೆ ಒಬ್ಬನೇ ಸುತ್ತಬೇಕು. ಅದಕ್ಕೇ ಅವನು ಬೆಳಕು ಹರಿಯುವ ಮುಂಚೆಯೇ ಹೊರಡುತ್ತಿದ್ದ.

"ಒಬ್ಬನ ಕೈಲಿ ಆಗ್ತಿಲ್ಲ ಪುಟ್ಟಾ. ಅದಕ್ಕೇ ಇನ್ನೊಂದು ವ್ಯಾನ್ ತಗೋತಾ ಇದ್ದೀವಿ. ನಾನೂ ಆ ಆಂಟಿನೂ ಸೇರಿ. ಅವ್ರು ಪಾರ್ಟ್‌ನರ್."

"ಅಂದ್ರೆ ಅವ್ರು ನಿನ್ನ ಕೆಳಗೆ ಕೆಲಸ ಮಾಡ್ತಾರಾ?"

"ಕೆಳಗೂ ಅಲ್ಲ, ಮೇಲೂ ಅಲ್ಲ. ಪಕ್ಕದಲ್ಲಿ."

ನಿನ್ನ ಪಕ್ಕದಲ್ಲಿ ಇರೋದು ನಾನು, ಎಂದುಕೊಂಡಳು ಕಂಡಕ್ಟರ್.

ಭಾನುವಾರ ಆ ಹೆಂಗಸು, ಅಂದರೆ ಡ್ರೈವರ್ ಆಂಟಿ, ಮನೆಗೆ ಬಂದರು. ಅಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಯಾರು ಏನು ಕೊಟ್ಟರೂ ಎಕ್ಸ್‌ಪೈರಿ ಡೇಟ್ ನೋಡಿಯೇ ಒಳಗಿಡುವ ಅಭ್ಯಾಸ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು.

"ಹನ್ನೊಂದು ವರ್ಷ ಆಂಬುಲೆನ್ಸ್ ಓಡ್ಸಿದ್ದೀರಿ. ಒಳ್ಳೇ ಕೆಲಸ. ಮತ್ತೆ ಯಾಕೆ ಬಿಟ್ರಿ?" ಎಂದು ಟೀ ಲೋಟ ಮುಂದಿಡುತ್ತಲೇ ಕೇಳಿದಳು.

ಕಂಡಕ್ಟರ್ ಒಳಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ನಡುವೆ ಬಾಗಿಲಿರಲಿಲ್ಲ, ಬರೀ ಒಂದು ಪರದೆ. ಪೆನ್ಸಿಲ್ ನಿಂತಿತು.

ಆಂಟಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಹೇಳಿದರು: "ಹೋದ ವರ್ಷ ನನ್ನ ಗಾಡೀಲಿ ಒಂದು ಮಗು ತೀರ್ಕೊಂಡ್ತು."

ಲೋಟದ ಸದ್ದೂ ಇಲ್ಲ.

"ಜ್ವರ ತಲೆಗೇರಿತ್ತು. ಆಸ್ಪತ್ರೆ ಇನ್ನೆರಡೇ ಬೀದಿ. ಮುಂದೆ ಬರೀ ಗಾಡಿಗಳು. ಸೈರನ್ ಕೂಗ್ತಾನೇ ಇದೆ, ಒಬ್ರೂ ಜಾಗ ಬಿಡ್ಲಿಲ್ಲ. ಕೊನೆಗೆ ಇಳಿದು ಮಗೂನ ಎತ್ಕೊಂಡು ಓಡ್ದೆ. ಅದರಮ್ಮನೂ ನನ್ನ ಹಿಂದೆ ಓಡಿ ಬಂದ್ರು. ಡಾಕ್ಟ್ರು ನೋಡಿ, ಹತ್ತು ನಿಮಿಷ ಮುಂಚೆ ಬಂದಿದ್ರೆ ಅಂದ್ರು. ಆಮೇಲೂ ಕೆಲವು ತಿಂಗಳು ಓಡಿಸ್ದೆ. ಆದ್ರೆ ಸೈರನ್ ಆನ್ ಮಾಡೋಕೆ ಕೈಯೇ ಬರ್ತಿರ್ಲಿಲ್ಲ."

"ಅದ್ರಲ್ಲಿ ನಿಮ್ಮ ತಪ್ಪೇನಿದೆ?" ಎಂದಳು ಅಮ್ಮ. ಈಗ ಅವಳ ದನಿ ಬೇರೆಯಾಗಿತ್ತು.

"ತಪ್ಪಿದೆಯೋ ಇಲ್ವೋ, ಪಾರ್ಟ್‌ನರ್ ಆಗೋರಿಗೆ ಗೊತ್ತಿರ್ಬೇಕು. ಆಮೇಲೆ ಬೇರೆಯವರ ಬಾಯಿಂದ ಕೇಳೋದು ಬೇಡ."

ಅಪ್ಪ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ನಾನೂ ಒಂದು ಹೇಳ್ಬೇಕು. ಎರಡು ವಾರದ ಹಿಂದೆ ಸಿಗ್ನಲ್‌ನಲ್ಲಿ ನಿಂತಾಗ ನಿದ್ದೆ ಬಂದ್ಬಿಡ್ತು. ಹಿಂದಿನೋರು ಹಾರ್ನ್ ಹೊಡೆದ ಮೇಲೇ ಎಚ್ಚರ ಆಗಿದ್ದು."

"ಗಾಡೀಲಿ ಮಕ್ಕಳಿದ್ರಾ?" ಎಂದರು ಆಂಟಿ.

"ಇದ್ರು."

ಅಮ್ಮ ಅಪ್ಪನ ಮುಖವನ್ನೇ ನೋಡುತ್ತಿರಬೇಕು ಎಂದು ಪರದೆಯ ಈಚೆಯಿಂದಲೇ ಕಂಡಕ್ಟರ್‌ಗೆ ಗೊತ್ತಾಯಿತು. ಈ ವಿಷಯ ಅಮ್ಮನಿಗೂ ಹೊಸದು. ಕಂಡಕ್ಟರ್‌ಗೆ ಮಾತ್ರ ಆ ದಿನ ನೆನಪಿತ್ತು. ಅಪ್ಪ ತಮಾಷೆಗೆ ಕಣ್ಣು ಮುಚ್ಚಿದ್ದಾನೆ ಎಂದುಕೊಂಡು ಅವಳು ನಕ್ಕಿದ್ದಳು.

"ಅದಕ್ಕೇ ನಿಮ್ಮನ್ನ ಕೇಳ್ಕೊಂಡಿದ್ದು," ಎಂದ ಅಪ್ಪ.

"ಸರಿ. ನಂದು ಒಂದೇ ಕಂಡೀಷನ್ ಅಣ್ಣಾ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತಾರಲ್ಲ, ಹಾಗೆ ಸೀಟು ಇದ್ದಷ್ಟೇ ಮಕ್ಕಳು. ಹನ್ನೆರಡು ಅಂದ್ರೆ ಹನ್ನೆರಡು. ನಿಮ್ಮ ಗಾಡೀಲೂ."

"ಇಷ್ಟು ವರ್ಷ ಓಡ್ಸಿಲ್ವಾ ನಾನು? ನಾಲ್ಕು ಮಕ್ಕಳನ್ನ ಇಳೀರಿ ಅಂತ ಹೇಗೆ ಹೇಳ್ಲಿ?" ಅಪ್ಪನ ದನಿ ಏರಿತು.

"ಇಳಿಸ್ಬೇಡಿ. ಆ ನಾಲ್ಕು ಜನಾನ ನನ್ನ ಗಾಡಿಗೆ ಕೊಡಿ. ಹೊಸಬರು ಎಂಟು ಜನ, ಈ ನಾಲ್ಕು. ಲೆಕ್ಕ ಸರಿಹೋಗುತ್ತೆ."

ಅಪ್ಪ, "ಆಯ್ತು," ಎಂದ. ಅಪ್ಪ ಅಷ್ಟು ಸುಲಭವಾಗಿ ಯಾರ ಮಾತಿಗೂ ಆಯ್ತು ಎಂದದ್ದನ್ನು ಕಂಡಕ್ಟರ್ ಕೇಳಿರಲಿಲ್ಲ.

ಆಂಟಿ ಹೋದ ಮೇಲೆ ಅಪ್ಪ ಪರದೆ ಸರಿಸಿ ಒಳಗೆ ಬಂದ. "ನೋಡು, ಊರಿನ ಆ ಕಡೆ ನನ್ನ ರೂಟು. ಈ ಕಡೆ ಆಂಟಿದು. ನಮ್ಮನೆ ಈ ಕಡೆನೇ ಇರೋದಲ್ವಾ. ಮುಂದಿನ ಸೋಮವಾರದಿಂದ ನೀನೂ ರೇಡಿಯೋನೂ ಅವರ ಗಾಡೀಲಿ."

"ನಾನು ಹೋಗಲ್ಲ!"

"ಹೊಸ ಮಕ್ಕಳು ಹೆದರ್ಕೋತಾರೆ ಪುಟ್ಟಾ. ಕಂಡಕ್ಟರ್ ಇಲ್ದೆ ಹೊಸ ಗಾಡಿ ಹೇಗೆ ಓಡುತ್ತೆ?"

ಅಪ್ಪ ನಗಿಸಲು ಹೇಳಿದ್ದ. ಕಂಡಕ್ಟರ್‌ಗೆ ನಗು ಬರಲಿಲ್ಲ, ಹೋಮ್‌ವರ್ಕ್ ಪುಸ್ತಕ ಮುಚ್ಚಿದಳು. ಅಪ್ಪ ನಾಲ್ಕು ಮಕ್ಕಳನ್ನು ಬೇರೆಯವರಿಗೆ ಕೊಟ್ಟಿದ್ದ. ಆ ನಾಲ್ವರಲ್ಲಿ ಅವಳೂ ಒಬ್ಬಳು.

ಸೋಮವಾರ ಊಟದ ಬೆಲ್ ಆಯಿತು. ರೇಡಿಯೋ ಡಬ್ಬಿ ತೆರೆಯುತ್ತ, "ನಾವು ಹೊಸ ವ್ಯಾನಲ್ಲಿ ಹೋಗ್ತೀವಂತೆ! ಹೊಸ ಆಂಟಿ ಹೇಗೇ? ಒಳ್ಳೆಯವರಾ?" ಎಂದಳು.

ಕಂಡಕ್ಟರ್ ಡಬ್ಬಿಯೊಳಗೆ ಚಮಚ ತಿರುಗಿಸುತ್ತಿದ್ದಳು. ತಿನ್ನುತ್ತಿರಲಿಲ್ಲ.

"ಅವರ ಗಾಡೀಲಿ ಒಂದು ಮಗು ಸತ್ತೋಗಿತ್ತು ಗೊತ್ತಾ?"

ರೇಡಿಯೋಳ ಕೈ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಏನಂದೆ? ಆಕ್ಸಿಡೆಂಟಾ?"

ಕಂಡಕ್ಟರ್ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಭುಜ ಕುಣಿಸಿ ಡಬ್ಬಿಯ ಮುಚ್ಚಳ ಹಾಕಿದಳು.

ನಾನು ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಆ ಮಧ್ಯಾಹ್ನವೆಲ್ಲ ತನಗೇ ಹೇಳಿಕೊಂಡಳು.

ಮಂಗಳವಾರ ಸಂಜೆ ಅಪ್ಪನ ಫೋನ್ ರಿಂಗಾಯಿತು. ರೇಡಿಯೋಳ ಅಮ್ಮ. "ನಮ್ಮ ಮಗಳನ್ನ ನಿಮ್ಮ ಗಾಡೀಲೇ ಕರ್ಕೊಂಡು ಹೋಗಿ. ಆಗಲ್ಲ ಅಂದ್ರೆ ಬೇಡ, ನಾವೇ ಬಿಡ್ತೀವಿ."

"ಯಾಕಮ್ಮಾ, ಏನಾಯ್ತು?"

"ಏನೂ ಇಲ್ಲ. ನಮಗೆ ಭಯ ಅಷ್ಟೆ."

ಫೋನ್ ಇಟ್ಟ ಹತ್ತು ನಿಮಿಷಕ್ಕೆ ಇನ್ನೊಂದು. ಆಮೇಲೆ ಮತ್ತೊಂದು. ಮೂರನೆಯದು ನೀಲಿ ಗೇಟಿನ ಮನೆಯ ಅಜ್ಜಿ. ಅವರ ಮೊಮ್ಮಗ ಒಂದನೇ ಕ್ಲಾಸು. ವ್ಯಾನಿನಲ್ಲಿ ಸೀಟು ಸಿಗದೆ ಆರು ತಿಂಗಳಿಂದ ಅಜ್ಜಿಯ ಕೈ ಹಿಡಿದು ನಡೆದೇ ಸ್ಕೂಲಿಗೆ ಬರುತ್ತಿದ್ದ. ಅಜ್ಜಿಗೆ ಮಂಡಿ ನೋವು. ಸೀಟು ಸಿಕ್ಕಿತು ಎಂದಾಗ ಹೆಚ್ಚು ಖುಷಿಪಟ್ಟವರು ಅವರೇ.

"ಬೇಡಪ್ಪಾ," ಎಂದು ಅಜ್ಜಿ ಹೇಳುವುದು ಕಂಡಕ್ಟರ್‌ಗೂ ಕೇಳಿಸಿತು. "ಕಾಲು ನೋಯ್ಲಿ ಪರವಾಗಿಲ್ಲ. ಆಯಮ್ಮ ಆಕ್ಸಿಡೆಂಟ್ ಮಾಡಿ ಮಕ್ಕಳನ್ನ ಸಾಯ್ಸಿ ಜೈಲಿಗೆ ಹೋಗಿ ಬಂದಿದ್ದಾಳಂತಲ್ಲ?"

ಅಪ್ಪ ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತ ನಿಂತ.

ಕಂಡಕ್ಟರ್ ತಾನು ಆಡಿದ ಮಾತನ್ನು ನೆನಪಿಸಿಕೊಂಡಳು. ಮಗು ಎಂದದ್ದು ಮಕ್ಕಳಾಗಿತ್ತು. ಎಲ್ಲಿಂದಲೋ ಜೈಲೂ ಬಂದಿತ್ತು. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುತ್ತಾರಲ್ಲ, ಹಾಗೆ. ಆದರೆ ಇಲಿಯನ್ನು ಬಿಟ್ಟವಳು ಅವಳೇ.

ಬುಧವಾರ ಸ್ಕೂಲಿನ ಗೇಟಿನಲ್ಲೇ ಪ್ರಿನ್ಸಿಪಾಲರು ಅಪ್ಪನನ್ನು ನಿಲ್ಲಿಸಿದರು. "ಪೇರೆಂಟ್ಸ್ ದೂರು ಕೊಟ್ಟಿದ್ದಾರೆ. ವಿಷಯ ತಿಳಿಯಾಗೋವರೆಗೂ ನಿಮ್ಮ ಎರಡನೇ ವ್ಯಾನು ಸ್ಕೂಲ್ ಒಳಗೆ ಬರೋ ಹಾಗಿಲ್ಲ. ಶನಿವಾರ ಮೀಟಿಂಗ್. ನಿಮ್ಮ ಪಾರ್ಟ್‌ನರ್‌ನೂ ಕರ್ಕೊಂಡು ಬನ್ನಿ."

ಆ ಸಂಜೆ ಅಪ್ಪ ಬಂದವನೇ ಕುರ್ಚಿಯಲ್ಲಿ ಕುಳಿತ.

"ಅವ್ರು ನಮ್ಮನೇಲಿ ಕೂತು ಹೇಳಿದ ಮಾತು. ಹೊರಗೆ ಹೇಗೆ ಹೋಯ್ತು?" ಅಪ್ಪ ಅಮ್ಮನ ಕಡೆ ತಿರುಗಿದ. "ನೀನೇನಾದ್ರೂ ಅಂಗಡೀಲಿ..."

"ನಾನಾ?" ಅಮ್ಮನ ಕಣ್ಣು ಕೆಂಪಾಯಿತು. "ನಾನು ಹೇಳೋ ಹಾಗಿದ್ರೆ ನಿನ್ನ ನಿದ್ದೆ ವಿಷಯ ಹೇಳ್ತಿದ್ದೆ. ಹೆಂಡ್ತಿಗೇ ಹೇಳ್ದೆ ಮುಚ್ಚಿಟ್ಟಿದ್ಯಲ್ಲ!"

ಅಪ್ಪ ತಲೆ ತಗ್ಗಿಸಿದ. ಆಮೇಲೆ ಥಟ್ಟನೆ ಎದ್ದ. "ಹಾಗಾದ್ರೆ ಅವನೇ. ಮೆಕ್ಯಾನಿಕ್. ಆಂಟೀನ ನನಗೆ ಪರಿಚಯ ಮಾಡಿಸಿದ್ದೇ ಅವನು. ಅವನಿಗೆ ಎಲ್ಲಾ ಗೊತ್ತಿತ್ತು. ಬಾಯಿಗೆ ಬೀಗ ಇಲ್ಲ ಅವನಿಗೆ."

"ಅಪ್ಪಾ..." ಎಂದಳು ಕಂಡಕ್ಟರ್.

"ನೀನು ಓದ್ಕೋ."

"ನಾನೂ ಬರ್ತೀನಿ."

ಏನು ಕಂಡನೋ, ಅಪ್ಪ ಬೇಡ ಎನ್ನಲಿಲ್ಲ.

ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡಳು. ಆ ತಿರುವು ಬಂದ ಮೇಲೆ ಹೇಳ್ತೀನಿ. ಸಿಗ್ನಲ್ ದಾಟಿದ ಮೇಲೆ ಹೇಳ್ತೀನಿ. ತಿರುವೂ ಬಂತು, ಸಿಗ್ನಲೂ ದಾಟಿತು. ಬಾಯಿ ಮಾತ್ರ ತೆರೆಯಲಿಲ್ಲ. ಅಪ್ಪ ಗೇರ್ ಹಾಕುವ ರಭಸಕ್ಕೆ ವ್ಯಾನು ಒಮ್ಮೊಮ್ಮೆ ಜಿಗಿಯುತ್ತಿತ್ತು.

ಗ್ಯಾರೇಜಿನಲ್ಲಿ ಎರಡನೆಯ ವ್ಯಾನು ನಿಂತಿತ್ತು. ಹಳೆಯ ಗಾಡಿಯೇ, ಆದರೆ ಬಿಳಿ ಬಣ್ಣ ಬಳಿದು ಹೊಸದರಂತೆ ಮಾಡಿದ್ದರು. ಮೆಕ್ಯಾನಿಕ್ ಮಾಮ ಟೈರಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅಪ್ಪನೂ ಅವರೂ ಚಿಕ್ಕಂದಿನಿಂದ ಗೆಳೆಯರು.

"ಬಾರೋ, ನೋಡು ಹೇಗಿದೆ ನಿನ್ನ ಬಿಳಿ ಕುದುರೆ," ಎಂದು ಅವರು ನಕ್ಕರು.

"ಕುದುರೆ ಇರ್ಲಿ. ಊರೆಲ್ಲಾ ಏನಂತ ಡಂಗುರ ಹೊಡೆದಿದ್ಯಾ ನೀನು?"

"ಏನ್ ಡಂಗುರ?"

"ನಾಟಕ ಆಡ್ಬೇಡ. ಆಂಟಿ ಆಂಬುಲೆನ್ಸ್ ವಿಷಯ ನಿನಗೆ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು? ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ. ಇವತ್ತಿಂದ ನನ್ನ ಗಾಡಿ ಈ ಗ್ಯಾರೇಜಿಗೆ ಬರಲ್ಲ."

ಮಾಮ ಎದ್ದು ನಿಂತರು. ಬಟ್ಟೆಯಿಂದ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡರು. ಅವರ ಮುಖದಲ್ಲಿ ನಗು ಇದ್ದ ಜಾಗ ಖಾಲಿಯಾಗಿತ್ತು.

"ನಾನು ಯಾರಿಗೂ ಹೇಳಿಲ್ಲ ಕಣೋ," ಎಂದರು ಮೆಲ್ಲಗೆ.

ಆಗ ಬಿಳಿ ವ್ಯಾನಿನ ಒಳಗಿಂದ ಡ್ರೈವರ್ ಆಂಟಿ ಇಳಿದರು. ಕೈಯಲ್ಲಿ ಸ್ಪ್ಯಾನರ್ ಇತ್ತು. ಸೀಟಿನ ಬೋಲ್ಟು ಬಿಗಿಮಾಡುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಜಗಳ ಬೇಡ ಅಣ್ಣಾ," ಎಂದರು. "ನನಗೂ ಪ್ರಿನ್ಸಿಪಾಲ್ ಫೋನ್ ಮಾಡಿದ್ರು. ನಾನು ಹಿಂದೆ ಸರೀತೀನಿ. ನನ್ನಿಂದ ನೀವು ಕಟ್ಟಿದ್ದೂ ಹಾಳಾಗೋದು ಬೇಡ. ಈ ಗಾಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವರು ಸ್ಪ್ಯಾನರನ್ನು ಪೆಟ್ಟಿಗೆಯಲ್ಲಿ ಇಟ್ಟರು. ಮೆತ್ತಗೆ, ಸದ್ದಾಗದಂತೆ.

"ನಾನು ಹೇಳಿದ್ದು."

ಯಾರದೋ ದನಿ ಎನ್ನಿಸಿತು. ಅವಳದೇ ದನಿ. ಮೂವರೂ ತಿರುಗಿ ನೋಡಿದರು.

"ಮಾಮ ಅಲ್ಲ. ನಾನು ರೇಡಿಯೋಗೆ ಹೇಳ್ದೆ."

"ಏನಂತ?" ಎಂದ ಅಪ್ಪ.

"ಆಂಟಿ ಗಾಡೀಲಿ ಒಂದು ಮಗು... ಸತ್ತೋಗಿತ್ತು ಅಂತ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕುಸಿದಂತೆ ಕುಳಿತುಬಿಟ್ಟ.

ಆಂಟಿ ಅವಳ ಹತ್ತಿರ ಬಂದರು. "ಅವತ್ತು ಒಳಗಿಂದ ಎಲ್ಲಾ ಕೇಳಿಸ್ಕೊಂಡಿದ್ಯಾ?"

"ಹೂಂ."

"ಆಂಬುಲೆನ್ಸ್ ಅಂತ?"

"ಹೂಂ."

"ಎತ್ಕೊಂಡು ಓಡಿದ್ದು?"

"ಹೂಂ."

"ಅದನ್ನ ಹೇಳಿದ್ಯಾ?"

ಕಂಡಕ್ಟರ್ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕಣ್ಣೀರು ತಾನಾಗಿಯೇ ಇಳಿಯಿತು.

ಆಂಟಿ ಬಗ್ಗಿ ಅವಳ ಮುಖ ನೋಡಿದರು. ಮತ್ತೆ ಕೇಳಿದರು: "ನಿಮ್ಮಪ್ಪನ ನಿದ್ದೆ ವಿಷಯನೂ ಕೇಳಿಸ್ಕೊಂಡಿದ್ಯಲ್ಲ. ಅದನ್ನ ಹೇಳಿದ್ಯಾ?"

"ಇಲ್ಲ."

ಆ ಇಲ್ಲವನ್ನು ಹೇಳುವಾಗಲೇ ಅವಳಿಗೆ ಹೊಳೆಯಿತು. ಅಪ್ಪನ ಮಾತನ್ನು ಒಳಗೇ ಇಟ್ಟುಕೊಂಡಿದ್ದಳು. ಆಂಟಿಯ ಮಾತನ್ನು ಮಾತ್ರ ಹೊರಗೆ ಹಾಕಿದ್ದಳು.

"ಯಾವ ನಿದ್ದೆ?" ಎಂದರು ಮೆಕ್ಯಾನಿಕ್ ಮಾಮ.

"ಆಮೇಲೆ ಹೇಳ್ತೀನಿ ಕಣೋ," ಎಂದ ಅಪ್ಪ. ಎದ್ದು ಬಂದು ಗೆಳೆಯನ ಎದುರು ನಿಂತ. ಏನು ಹೇಳಬೇಕೆಂದು ತಿಳಿಯದೆ ಅವರ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ತೆಗೆದುಕೊಂಡು ತನ್ನ ಕೈಯನ್ನೂ ಒರೆಸಿಕೊಂಡ.

"ಒರೆಸ್ಕೊಂಡಿದ್ದು ಸಾಕು. ಅದರಲ್ಲಿ ಇನ್ನೂ ಕೊಳೆ ಆಗುತ್ತೆ," ಎಂದರು ಮಾಮ. "ಮೊದ್ಲು ಟೀ ಕುಡಿ. ಆಮೇಲೆ ಸಾರಿ ಹೇಳೋವಂತೆ. ನಾನೇನೂ ಬೇಡ ಅನ್ನಲ್ಲ."

ಆಂಟಿ ಮಾತ್ರ ಟೀ ಕುಡಿಯಲಿಲ್ಲ. "ಶನಿವಾರದ ಮೀಟಿಂಗ್‌ಗೆ ಬರ್ತೀನಿ ಅಣ್ಣಾ. ಅದಾದ ಮೇಲೆ ಯೋಚನೆ ಮಾಡ್ತೀನಿ," ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದರು. ಕಂಡಕ್ಟರ್ ಕಡೆ ನೋಡಲಿಲ್ಲ.

ವಾಪಸ್ ಬರುವಾಗ ಅವಳು, "ಅಪ್ಪಾ, ರೇಡಿಯೋ ಮನೆ ಹತ್ರ ನಿಲ್ಲಿಸ್ತೀಯಾ?" ಎಂದಳು.

ಅಪ್ಪ ನಿಲ್ಲಿಸಿದ. "ನಾನೂ ಬರ್ಲಾ?"

"ಬೇಡ."

ಮೂರು ಮೆಟ್ಟಿಲು. ಇಷ್ಟು ದಿನ ಅವನ್ನು ಒಂದೇ ನೆಗೆತಕ್ಕೆ ಹಾರುತ್ತಿದ್ದಳು. ಇಂದು ಒಂದೊಂದೇ ಹತ್ತಿದಳು. ಬಾಗಿಲು ತೆರೆದದ್ದು ರೇಡಿಯೋಳ ಅಮ್ಮ. ಹಿಂದಿನಿಂದ ರೇಡಿಯೋ ಇಣುಕಿದಳು.

"ಆಂಟಿ, ನಾನು ಅರ್ಧ ಮಾತ್ರ ಹೇಳಿದ್ದೆ," ಎಂದು ಶುರುಮಾಡಿದಳು ಕಂಡಕ್ಟರ್. ಜ್ವರದ ಮಗುವಿನ ವಿಷಯ ಹೇಳಿದಳು. ಎರಡು ಬೀದಿಯ ದೂರ, ಜಾಗ ಬಿಡದ ಗಾಡಿಗಳು, ಇಳಿದು ಓಡಿದ್ದು, ಮಗುವಿನ ಅಮ್ಮನೂ ಹಿಂದೆ ಓಡಿದ್ದು ಎಲ್ಲ ಹೇಳಿದಳು. ಮೊದಲರ್ಧ ಹೇಳಲು ಒಂದೇ ವಾಕ್ಯ ಸಾಕಾಗಿತ್ತು. ಇದಕ್ಕೆ ಎಷ್ಟೊಂದು ಬೇಕಾಯಿತು. ನಡುವೆ ಎರಡು ಸಲ ಮೂಗು ಒರೆಸಿಕೊಳ್ಳಬೇಕಾಯಿತು.

"ಮತ್ತೆ ಯಾಕೇ ಅವತ್ತು ಹಾಗಂದೆ?" ಎಂದಳು ರೇಡಿಯೋ.

"ಕೋಪ ಬಂದಿತ್ತು."

ರೇಡಿಯೋಳ ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಾನು ಆರು ಮನೆಗೆ ಫೋನ್ ಮಾಡಿಬಿಟ್ಟಿದ್ದೀನಲ್ಲೇ," ಎಂದರು.

ಅವರು ಆರೂ ಮನೆಗೆ ಮತ್ತೆ ಫೋನ್ ಮಾಡಿದರು. ಕೆಲವರು ಕೇಳಿಸಿಕೊಂಡರು. ಕೆಲವರು, "ಈಗ ಮುಚ್ಚಿಹಾಕ್ತಾ ಇದ್ದಾರೆ," ಎಂದರು. ಇನ್ನು ಆ ಆರು ಮನೆಯವರು ಎಷ್ಟು ಮನೆಗೆ ಹೇಳಿದ್ದರೋ, ಅದು ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಮೀಟಿಂಗ್ ನಡೆಯಿತು. ಮಕ್ಕಳನ್ನು ಒಳಗೆ ಬಿಡಲಿಲ್ಲ. ಕಂಡಕ್ಟರ್ ಕಾರಿಡಾರಿನ ಬೆಂಚಿನ ಮೇಲೆ ಅಮ್ಮನ ಜೊತೆ ಕುಳಿತಿದ್ದಳು. ಒಳಗಿನಿಂದ ಜೋರು ದನಿಗಳು ಬಂದವು. ನಡುವೆ ಅಪ್ಪನ ದನಿ. ಆಮೇಲೆ ಆಂಟಿಯ ದನಿ, ಒಂದೇ ಸಮನೆ, ಮೆಲ್ಲಗೆ. ಆಂಟಿಯ ತಪ್ಪಿಲ್ಲವೆಂದು ಆಸ್ಪತ್ರೆಯವರು ಕೊಟ್ಟ ಪತ್ರವನ್ನು ಯಾರೋ ಗಟ್ಟಿಯಾಗಿ ಓದಿದರು.

ಅಮ್ಮ ಅವಳ ಕೈ ಹಿಡಿದಿದ್ದಳು. ಬಿಸಿಯಾದ, ಬೆವರಿದ ಕೈ. ಅಮ್ಮನಿಗೂ ಹೆದರಿಕೆ ಆಗುತ್ತದೆ ಎಂದು ಕಂಡಕ್ಟರ್‌ಗೆ ಗೊತ್ತೇ ಇರಲಿಲ್ಲ.

ಬಾಗಿಲು ತೆರೆಯಿತು. ಪ್ರಿನ್ಸಿಪಾಲರು ಎರಡನೆಯ ವ್ಯಾನಿಗೆ ಒಪ್ಪಿಗೆ ಕೊಟ್ಟಿದ್ದರು. ಆದರೆ ಹನ್ನೆರಡು ಮನೆಗಳಲ್ಲಿ ಐದು ಮನೆಯವರು ಮಕ್ಕಳನ್ನು ಕಳಿಸುವುದಿಲ್ಲ ಎಂದೇ ಎದ್ದುಹೋಗಿದ್ದರು.

"ಏಳು ಮಕ್ಕಳಿಗೆ ಗಾಡಿ ಓಡಿಸೋಕೆ ಆಗುತ್ತಾ?" ಎಂದು ಅಮ್ಮ ಕೇಳಿದಳು.

ಅಪ್ಪ ಆಂಟಿಯ ಕಡೆ ನೋಡಿದ. ಆಂಟಿ, "ನಿಮ್ಮಣ್ಣ ಐದರಿಂದ ಶುರುಮಾಡಿದ್ರಂತೆ. ನಾನು ಏಳರಿಂದ," ಎಂದರು. ಅಪ್ಪನನ್ನು 'ನಿಮ್ಮಣ್ಣ' ಎಂದದ್ದು ಕೇಳಿ ಅಮ್ಮ, "ಅಯ್ಯೋ, ನನಗೆ ಅಣ್ಣ ಅಲ್ಲ, ಗಂಡ!" ಎಂದಳು. ಅಷ್ಟು ದಿನಗಳ ನಂತರ ಎಲ್ಲರೂ ಸ್ವಲ್ಪ ನಕ್ಕರು. ಕಂಡಕ್ಟರ್‌ಗೆ ನಗು ಬರಲಿಲ್ಲ.

ಸೋಮವಾರ ಬಿಳಿ ವ್ಯಾನು ಹೊರಟಿತು. ಕಂಡಕ್ಟರ್ ಕೇಳದೆಯೇ ಹಿಂದೆ ಹೋಗಿ ಕುಳಿತಳು. ಆಂಟಿ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು. "ಬೆಲ್ಟ್ ಹಾಕ್ಕೊಳ್ಳಿ." "ಕೈ ಒಳಗೆ." ಫೋನ್ ರಿಂಗಾದರೆ ಎತ್ತುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ವ್ಯಾನು ನಿಂತಿತು. ಆಂಟಿ ಇಂಜಿನ್ ಆಫ್ ಮಾಡಿ ಕೈಗಡಿಯಾರ ನೋಡಿಕೊಂಡರು. ನೀಲಿ ಗೇಟಿನ ಮನೆ. ಗೇಟು ಮುಚ್ಚಿತ್ತು.

"ಆಂಟಿ, ಅವನು ಬರಲ್ಲ," ಎಂದಳು ಕಂಡಕ್ಟರ್.

"ಗೊತ್ತು."

ಎರಡು ನಿಮಿಷ ಕಾದರು. ಯಾರೂ ಬರಲಿಲ್ಲ. ವ್ಯಾನು ಹೊರಟಿತು.

ಮಂಗಳವಾರವೂ ನಿಂತರು. ಬುಧವಾರವೂ ನಿಂತರು. ಆ ದಿನ ಮುಂದಿನ ತಿರುವಿನಲ್ಲಿ ಅಜ್ಜಿ ಮತ್ತು ಮೊಮ್ಮಗ ನಡೆದು ಹೋಗುತ್ತಿರುವುದು ಕಂಡಿತು. ಅಜ್ಜಿ ಎರಡು ಹೆಜ್ಜೆಗೊಮ್ಮೆ ಮಂಡಿ ಹಿಡಿದು ನಿಲ್ಲುತ್ತಿದ್ದರು. ಹುಡುಗ ವ್ಯಾನಿನ ಕಡೆ ಕೈ ಬೀಸಿದ. ಅಜ್ಜಿ ಅವನ ಕೈಯನ್ನು ಕೆಳಗಿಳಿಸಿದರು. ಕಂಡಕ್ಟರ್ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಆಮೇಲೆ ಮತ್ತೆ ತಿರುಗಿ, ಅವರಿಬ್ಬರೂ ಕಣ್ಣಿಗೆ ಕಾಣುವಷ್ಟು ಹೊತ್ತೂ ನೋಡಿದಳು.

ಗುರುವಾರ ವ್ಯಾನು ನಿಂತಾಗ ನೀಲಿ ಗೇಟು ತೆರೆಯಿತು. ಅಜ್ಜಿ ಒಬ್ಬರೇ ಬಂದರು.

"ಹುಡುಗ ಬರಲ್ಲ ಅಂತ ಹೇಳಿದ್ವಲ್ಲ. ಮತ್ತೆ ದಿನಾ ಯಾಕೆ ನಿಲ್ಲಿಸ್ತೀಯಮ್ಮಾ?"

"ಬಂದ್ರೆ ಗಾಡಿ ಇರ್ಬೇಕಲ್ಲಮ್ಮಾ," ಎಂದರು ಆಂಟಿ.

ಅಜ್ಜಿ ಆಂಟಿಯ ಮುಖ ನೋಡಿದರು. ಒಳಗೆ ಬೆಲ್ಟು ಹಾಕಿ ಕುಳಿತ ಮಕ್ಕಳನ್ನು ನೋಡಿದರು. ಖಾಲಿ ಸೀಟುಗಳನ್ನೂ ನೋಡಿದರು. ಮಂಡಿಯ ಮೇಲೆ ಕೈಯಿಟ್ಟು ನಿಧಾನವಾಗಿ ಒಳಗೆ ಹೋದರು. ಗೇಟು ಹಾಕಿದರು, ಚಿಲಕ ಹಾಕಲಿಲ್ಲ.

ಶುಕ್ರವಾರ ವ್ಯಾನು ನಿಂತ ತಕ್ಷಣ ಕಂಡಕ್ಟರ್ ಬಾಗಿಲು ಎಳೆದು ಕೆಳಗಿಳಿದಳು. ಬೆಳಗಿನ ಗಾಳಿ ತಣ್ಣಗಿತ್ತು. ಗೇಟಿನ ಎದುರು ನೆಟ್ಟಗೆ ನಿಂತಳು. ಕನ್ನಡಿಯಲ್ಲಿ ಆಂಟಿ ಅವಳನ್ನು ನೋಡಿದರು. ಗಾಡಿ ಹತ್ತು ಎನ್ನಲಿಲ್ಲ.

"ಅವನು ಬರಲ್ಲ ಕಣೇ, ಬಾ ಹೋಗೋಣ," ಎಂದಳು ಒಳಗಿನಿಂದ ರೇಡಿಯೋ.

ಕಂಡಕ್ಟರ್ ಗೇಟಿನಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಒಂದ್ ನಿಮಿಷ ಇದೆ," ಎಂದಳು.